ಹಳೆಯ ಡ್ರೆಸ್ಸಿಂಗ್ ಟೇಬಲ್: ಎಲ್ಲಿಯದು, ಎಷ್ಟು ಹಳೆಯದು, ಬೆಲೆ ಎಷ್ಟು?

"ನೂರೈವತ್ತು ವರ್ಷ ಹಳೆಯದಂತೆ, ಬರ್ಮಾ ಟೀಕ್ ಅಂತೆ, ಬೆಲ್ಜಿಯಂ ಕನ್ನಡಿಯಂತೆ." ಹಳೆಯ ಡ್ರೆಸ್ಸಿಂಗ್ ಟೇಬಲ್ ಇರುವ ಮನೆಗಳಲ್ಲಿ ಈ ಮೂರು ಮಾತು ತಪ್ಪದೆ ಕೇಳಿಬರುತ್ತವೆ. ಗುಜರಿ ಅಂಗಡಿಯವರೂ ಇದನ್ನೇ ಹೇಳುತ್ತಾರೆ. ಮೂರೂ ನಿಜ ಆಗಿರಬಹುದು, ಮೂರೂ ಸುಳ್ಳಾಗಿರಬಹುದು. ಒಂದು ಟಾರ್ಚ್ ಹಿಡಿದು, ಡ್ರಾಯರ್‌ಗಳನ್ನು ಹೊರಗೆಳೆದು ಅರ್ಧ ದಿನ ಕೂತರೆ ಬಹುತೇಕ ಉತ್ತರ ನಿಮಗೇ ಸಿಗುತ್ತದೆ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಇಂಟರ್‌ನೆಟ್‌ನಲ್ಲಿ ಸಿಗುವ ಇಂಥ ಮಾಹಿತಿ ಹೆಚ್ಚಿನದು ಅಮೆರಿಕ, ಇಂಗ್ಲೆಂಡಿನ ಪೀಠೋಪಕರಣಗಳನ್ನು ನೋಡಿ ಬರೆದದ್ದು. "ಕೈಯಲ್ಲಿ ಕೊರೆದ ಜೋಡಣೆ ಇದ್ದರೆ 1890ಕ್ಕಿಂತ ಹಿಂದಿನದು" ಎನ್ನುವಂಥ ಸೂತ್ರಗಳು ಅಲ್ಲಿ ಸರಿ. ನಮ್ಮಲ್ಲಿ ಆಚಾರಿಗಳು ಇವತ್ತಿಗೂ ಉಳಿ, ಗರಗಸದಲ್ಲೇ ಡ್ರಾಯರ್ ಜೋಡಿಸುತ್ತಾರೆ. ಅದೇ ಸೂತ್ರ ಹಿಡಿದು ಹೊರಟರೆ 1975ರಲ್ಲಿ ಮಾಡಿಸಿದ ಮೇಜಿಗೂ ವಿಕ್ಟೋರಿಯಾ ರಾಣಿಯ ಕಾಲ ಹಚ್ಚಿಬಿಡುತ್ತೀರಿ. ಹಾಗಾಗಿ ಇಲ್ಲಿ ಹೇಳುವುದೆಲ್ಲ ನಮ್ಮ ಕಡೆಯ ಮನೆಗಳಲ್ಲಿ, ಬಂಗಲೆಗಳಲ್ಲಿ ಸಿಗುವ ಮೇಜುಗಳ ಬಗ್ಗೆ.

ಇವು ಹೆಚ್ಚಾಗಿ ಮೂರು ಬಗೆಯವು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು ಕಡಿಮೆ. ಮದ್ರಾಸು, ಕಲ್ಕತ್ತಾ, ಬೊಂಬಾಯಿಯ ದೊಡ್ಡ ಅಂಗಡಿಗಳು ಇಂಗ್ಲಿಷ್ ಮಾದರಿಯಲ್ಲಿ ಮಾಡಿ ಮಾರಿದವು ಇನ್ನಷ್ಟು. ಮೂರನೆಯದು ಊರಿನ ಆಚಾರಿ ಯಾವುದೋ ಬಂಗಲೆಯ ಮೇಜನ್ನು ನೋಡಿ ಮಾಡಿಕೊಟ್ಟದ್ದು. ನಿಮ್ಮ ಮನೆಯಲ್ಲಿರುವುದು ಈ ಮೂರನೆಯದೇ ಆಗಿರುವ ಸಾಧ್ಯತೆ ಜಾಸ್ತಿ. ಅದರಿಂದ ಬೇಸರ ಪಡಬೇಕಾಗಿಲ್ಲ. ಮರದ ದೃಷ್ಟಿಯಿಂದ ಅದೇ ಎಷ್ಟೋ ಸಲ ಉತ್ತಮ.

ಶುರು ಮಾಡುವ ಮುಂಚೆ

ಟಾರ್ಚ್, ಇಂಚಿನ ಟೇಪು, ಭೂತಗನ್ನಡಿ, ಒಂದು ಸಣ್ಣ ಅಯಸ್ಕಾಂತ, ಸ್ಕ್ರೂಡ್ರೈವರ್, ಸ್ವಲ್ಪ ಹತ್ತಿ, ಪಾಲಿಶ್ ಮಾಡುವವರು ಬಳಸುವ ಸ್ಪಿರಿಟ್ ಇಟ್ಟುಕೊಳ್ಳಿ. ಫೋಟೊ ತೆಗೆಯಲು ಫೋನು ಹೇಗೂ ಇದೆ.

ಮೇಜನ್ನು ತೊಳೆಯಬೇಡಿ, ಉಜ್ಜಬೇಡಿ. ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ಹೊಳಪು ತರುವ ಆಸೆಯನ್ನೂ ಸದ್ಯಕ್ಕೆ ಬಿಡಿ. ನಿಮಗೆ ಬೇಕಾದ ಸಾಕ್ಷಿ ಎಲ್ಲ ಆ ಕೊಳೆಯಲ್ಲೇ ಇದೆ.

ಹೆಜ್ಜೆ 1: ಒಳಗಿನ ಮರ ನೋಡಿ, ಊರು ತಿಳಿಯುತ್ತದೆ

ಮೇಜು ಎಲ್ಲಿಯದು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಎಲ್ಲ ಡ್ರಾಯರ್‌ಗಳನ್ನೂ ಹೊರಗೆ ತೆಗೆಯಿರಿ. ಡ್ರಾಯರಿನ ಪಕ್ಕದ ಹಲಗೆ, ತಳದ ಹಲಗೆ, ಮೇಜಿನ ಬೆನ್ನಿನ ಹಲಗೆ ಯಾವ ಮರದವು ಅಂತ ನೋಡಿ. ಯಾರ ಕಣ್ಣಿಗೂ ಬೀಳದ ಜಾಗಕ್ಕೆ ಬಡಗಿ ದುಬಾರಿ ಮರ ಹಾಕುವುದಿಲ್ಲ. ತನ್ನ ಊರಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗುವುದನ್ನು ಹಾಕುತ್ತಾನೆ.

ಇಂಗ್ಲೆಂಡಿನ ಬಡಗಿಗೆ ಅಗ್ಗದ ಮರ ಎಂದರೆ ಪೈನ್. ಅಲ್ಲಿನ 19ನೇ ಶತಮಾನದ ಮೇಜುಗಳಲ್ಲಿ ಹೊರಗೆ ಮಹಾಗನಿಯ ತೆಳು ಪದರ ಅಂಟಿಸಿ ಒಳಗೆ ಪೈನ್ ಇಟ್ಟಿರುವುದೇ ಹೆಚ್ಚು. ಒಳ್ಳೆಯ ಕೆಲಸವಾದರೆ ಡ್ರಾಯರಿನ ಪಕ್ಕಗಳಿಗೆ ಓಕ್ ಇರುತ್ತದೆ. ಪೈನ್ ಹಗುರ, ಬಿಳಿಚು, ಅಲ್ಲಲ್ಲಿ ಗಂಟು, ಉಗುರು ಒತ್ತಿದರೆ ಗುರುತು ಬೀಳುತ್ತದೆ.

ಇಲ್ಲಿ ಮಾಡಿದ ಮೇಜಿನ ಕಥೆಯೇ ಬೇರೆ. ಹೊರಗೆ ಬೀಟೆ, ಒಳಗೆ ತೇಗ. ಅಥವಾ ಹೊರಗೂ ಒಳಗೂ ತೇಗವೇ. ಕರಾವಳಿಯ ಕಡೆಯದಾದರೆ ಹಲಸು, ಮಲೆನಾಡಿನದಾದರೆ ಮತ್ತಿ, ಹೊನ್ನೆ ಕೂಡ ಸಿಗಬಹುದು. ಎಲ್ಲವೂ ಗಟ್ಟಿ ಹಲಗೆ, ತೆಳು ಪದರದ ಅಂಟಿಕೆ ಅಪರೂಪ. ಇದಕ್ಕೆ ಕಾರಣ ನಮ್ಮ ಹವೆ. ಆಗಿನ ಅಂಟು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡಿದ್ದು. ಮಳೆಗಾಲದ ತೇವಕ್ಕೆ ಅದು ಸಡಿಲಾಗಿ ಪದರ ಎದ್ದು ಬರುತ್ತಿತ್ತು. ಅದಕ್ಕೇ ಬ್ರಿಟಿಷರೂ ಇಲ್ಲಿ ಗಟ್ಟಿಮರದಲ್ಲೇ ಮಾಡಿಸಿಕೊಂಡರು. ಡ್ರಾಯರಿನ ತಳವೂ ಅರ್ಧ ಇಂಚಿನ ತೇಗ ಇದ್ದರೆ ಅದು ಲಂಡನ್ನಿನಿಂದ ಬಂದದ್ದು ಎಂಬ ಮಾತನ್ನು ನಂಬುವುದು ಕಷ್ಟ.

ಎರಡು ವಿಶೇಷ ಬಗೆಗಳನ್ನು ದೂರದಿಂದಲೇ ಗುರುತಿಸಬಹುದು. ಒಂದು ದಂಡಿನವರ ಡ್ರಾಯರ್ ಪೆಟ್ಟಿಗೆ. ಮೇಲಿನರ್ಧ, ಕೆಳಗಿನರ್ಧ ಬೇರೆಯಾಗುತ್ತದೆ, ಮೂಲೆಗಳಲ್ಲಿ ಮರದ ಮಟ್ಟಕ್ಕೇ ಕೂರಿಸಿದ ಹಿತ್ತಾಳೆ ಪಟ್ಟಿ, ಹೊರಗೆ ಚಾಚದ ಹಿಡಿಗಳು, ತಿರುಗಿಸಿ ಬಿಚ್ಚಬಹುದಾದ ಕಾಲುಗಳು. ಸೈನ್ಯದ ಅಧಿಕಾರಿಗಳು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸಲು ಮಾಡಿಸಿದ್ದು. 1809ರಲ್ಲಿ ದಂಡು ಬಂದು ನೆಲೆಸಿದ ಬೆಂಗಳೂರಿನಲ್ಲಿ ಇಂಥವು ಸಿಕ್ಕರೆ ಆಶ್ಚರ್ಯವಿಲ್ಲ. ಇನ್ನೊಂದು ಬೊಂಬಾಯಿಯ ಕಡುಗಪ್ಪು ಬೀಟೆ ಕೆಲಸ. ಒಂದಂಗುಲವೂ ಬಿಡದೆ ಹೂಬಳ್ಳಿ, ಹಕ್ಕಿ ಕೆತ್ತಿರುತ್ತಾರೆ. ನನಗೆ ಅದು ಸ್ವಲ್ಪ ಅತಿ ಅನ್ನಿಸುತ್ತದೆ, ಆದರೆ ಅದನ್ನು ಹುಡುಕಿಕೊಂಡು ಬರುವವರಿದ್ದಾರೆ.

ಹೆಜ್ಜೆ 2: ಮರ ಯಾವುದು?

ಪಾಲಿಶ್ ಆದ ಮುಂಭಾಗ ನೋಡಿ ಮರ ಹೇಳಲು ಹೋಗಬೇಡಿ. ಬಣ್ಣ ಹಾಕಿ ಯಾವ ಮರವನ್ನಾದರೂ ಬೀಟೆ ಮಾಡಬಹುದು. ಡ್ರಾಯರಿನ ಒಳಗೆ, ಪಾಲಿಶ್ ಕಾಣದ ಅಂಚಿನಲ್ಲಿ ಬ್ಲೇಡಿನಿಂದ ಕೂದಲೆಳೆಯಷ್ಟು ಕೆರೆದು ಮೂಸಿ. ತೇಗಕ್ಕೆ ಚರ್ಮದಂಥ ವಾಸನೆ, ಮುಟ್ಟಿದರೆ ತುಸು ಎಣ್ಣೆ ಎಣ್ಣೆ. ಬೀಟೆಗೆ ಸಿಹಿ ಪರಿಮಳ, ನೇರಳೆ ಛಾಯೆಯ ಕಂದು ಬಣ್ಣದಲ್ಲಿ ಕಪ್ಪು ಗೆರೆಗಳು. ತೂಕದಲ್ಲೂ ವ್ಯತ್ಯಾಸ ಗೊತ್ತಾಗುತ್ತದೆ. ಒಂದೇ ಅಳತೆಯ ಹಲಗೆ ಎತ್ತಿದರೆ ಬೀಟೆ ತೇಗಕ್ಕಿಂತ ಕಾಲು ಭಾಗದಷ್ಟು ಭಾರ. ಹೊನ್ನೆ ಹೊಂಬಣ್ಣ. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕೆಂಗಂದು.

ಬಿಸಿಲಿಗೆ ತೇಗ ಮತ್ತು ಬೀಟೆ ಬೇರೆ ಬೇರೆ ರೀತಿ ಬದಲಾಗುತ್ತವೆ. ತೇಗ ವರ್ಷಗಳು ಕಳೆದಂತೆ ಗಾಢವಾಗುತ್ತದೆ. ಬೀಟೆ ಬಿಸಿಲು ಬೀಳುವ ಕಡೆ ಬಣ್ಣ ಕಳೆದುಕೊಂಡು ತಿಳಿಯಾಗುತ್ತದೆ. ಕಿಟಕಿಯ ಕಡೆಯ ಪಕ್ಕ ತಿಳಿಯಾಗಿದ್ದು ಗೋಡೆಯ ಕಡೆಯದು ಗಾಢವಾಗಿದ್ದರೆ ಆ ಬೀಟೆ ಮೇಜು ಬಹಳ ಕಾಲ ಒಂದೇ ಜಾಗದಲ್ಲಿತ್ತು ಎಂದರ್ಥ.

ಇನ್ನು ಬರ್ಮಾ ಟೀಕ್. ಅದು ಇಲ್ಲಿಗೆ ಬಂದದ್ದು ನಿಜ. ಆದರೆ ದಾಂಡೇಲಿಯ ತೇಗ ಯಾವುದು, ಬರ್ಮಾದ್ದು ಯಾವುದು ಅಂತ ಹಳೆಯ ಮೇಜಿನ ಮೇಲೆ ಕೈಯಾಡಿಸಿ ಹೇಳುವವರನ್ನು ನಾನಂತೂ ನಂಬುವುದಿಲ್ಲ. ಎಳೆ ನೇರವಾಗಿ, ಒತ್ತಾಗಿ, ಗಂಟಿಲ್ಲದೆ ಇದೆಯಾ? ಬಿಳಿಯ ಹೊರಮರ ಸೇರದೆ ಬರೀ ಚೇಗು ಇದೆಯಾ? ಬೆಲೆಗೆ ಅಷ್ಟು ಸಾಕು.

ಹೆಜ್ಜೆ 3: ಜೋಡಣೆ ಮತ್ತು ಗರಗಸದ ಗುರುತು

ಡ್ರಾಯರಿನ ಮುಂಭಾಗ ಪಕ್ಕದ ಹಲಗೆಗೆ ಸೇರುವಲ್ಲಿ ಬೆರಳು ಹೆಣೆದಂತೆ ಕಾಣುವುದು ಡವ್‌ಟೇಲ್ ಜೋಡಣೆ. ಹಲ್ಲುಗಳು ಒಂದೊಂದು ಅಳತೆಯವಾಗಿ, ಪಕ್ಕದಲ್ಲಿ ಆಚಾರಿ ಗೀಚಿದ ಗೆರೆ ಕಂಡರೆ ಕೈಕೆಲಸ. ಎಲ್ಲ ಹಲ್ಲೂ ಒಂದೇ ಅಳತೆ, ಒಂದೇ ಅಂತರ ಇದ್ದರೆ ಯಂತ್ರದ್ದು. ಯಂತ್ರದ ಜೋಡಣೆ ಹರಡಿದ್ದು 19ನೇ ಶತಮಾನದ ಕೊನೆಗೆ. ಆದ್ದರಿಂದ ಯಂತ್ರದ ಕೆಲಸ ಕಂಡರೆ "ಅದಕ್ಕಿಂತ ಹಿಂದಿನದಲ್ಲ" ಎನ್ನಬಹುದು. ಕೈಕೆಲಸ ಕಂಡರೆ ಕಾಲದ ಬಗ್ಗೆ ಏನೂ ಹೇಳುವಂತಿಲ್ಲ. ಕೈಯ ಚುರುಕು ಮಾತ್ರ ತಿಳಿಯುತ್ತದೆ.

ಬೆನ್ನಿನ ಹಲಗೆಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನೇರವಾದ, ಏರುಪೇರಿನ ಗೆರೆಗಳು ಇಬ್ಬರು ಹಿಡಿದು ಎಳೆಯುವ ಗರಗಸದವು. ಬಿಲ್ಲಿನಂತೆ ಬಾಗಿದ ಗೆರೆಗಳು ಮಿಲ್ಲಿನ ಚಕ್ರ ಗರಗಸದವು. ಇಲ್ಲೂ ಅದೇ ತೊಡಕು. ನಮ್ಮ ಕಡೆ ಕೈಗರಗಸದಲ್ಲಿ ದಿಮ್ಮಿ ಸೀಳುವುದು 20ನೇ ಶತಮಾನದಲ್ಲೂ ನಡೆದೇ ಇತ್ತು.

ಅಮೆರಿಕದಲ್ಲಿರುವ ಕನ್ನಡಿಗರು ಮನೆಯ ಸಾಮಾನನ್ನೆಲ್ಲ ಒಟ್ಟಿಗೆ ಮಾರುವ ಎಸ್ಟೇಟ್ ಸೇಲ್‌ಗಳಲ್ಲಿ ಹಳೆಯ ಡ್ರೆಸ್ಸರ್ ಕೊಳ್ಳುವುದುಂಟು. ಅವರಿಗೆ ಈ ಹೆಜ್ಜೆ ತುಂಬ ಉಪಯುಕ್ತ. ಡ್ರಾಯರಿನ ಪಕ್ಕದಲ್ಲಿ ಅರ್ಧಚಂದ್ರದ ಸಾಲು, ಪ್ರತಿ ಅರ್ಧಚಂದ್ರದ ನಡುವೆ ಒಂದು ಗುಂಡು ಬೆಣೆ ಕಂಡರೆ ಅದು ನ್ಯಾಪ್ ಜೋಡಣೆ. ಚಾರ್ಲ್ಸ್ ನ್ಯಾಪ್ ಎಂಬಾತ 1867ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. 1870ರ ದಶಕದಿಂದ 1900ರ ಆಸುಪಾಸಿನವರೆಗೆ ಮಾತ್ರ ಬಳಕೆಯಲ್ಲಿತ್ತು. ಇಷ್ಟು ಸಲೀಸಾಗಿ ಕಾಲ ಹೇಳುವ ಗುರುತು ನಮ್ಮ ಮೇಜುಗಳಲ್ಲಿ ಇಲ್ಲ.

ಹೆಜ್ಜೆ 4: ಕಬ್ಬಿಣ, ಹಿತ್ತಾಳೆ

ಮರ ಹೇಳದ ಕಾಲವನ್ನು ಲೋಹ ಹೇಳುತ್ತದೆ. ಸ್ಕ್ರೂ, ಬೀಗ, ಗಾಲಿ ಇವೆಲ್ಲ ಕಾರ್ಖಾನೆಯ ಮಾಲು. ಅವು ಯಾವಾಗ ಪೇಟೆಗೆ ಬಂದವು ಎಂಬುದಕ್ಕೆ ದಾಖಲೆ ಇದೆ.

ಒಂದು ಸ್ಕ್ರೂ ಬಿಚ್ಚಿ ನೋಡಿ. ತಿರುಗದಿದ್ದರೆ ಬಲ ಹಾಕಬೇಡಿ, ಬೇರೆಯದನ್ನು ಪ್ರಯತ್ನಿಸಿ. ತುದಿ ಮೊಂಡಾಗಿದ್ದು, ತಲೆಯ ಸೀಳು ನಡುವೆ ಇಲ್ಲದೆ ಓರೆಯಾಗಿದ್ದರೆ ಅದು 1850ಕ್ಕಿಂತ ಹಿಂದಿನ ಬಗೆ. ಚೂಪು ತುದಿಯ ಸ್ಕ್ರೂ ಬಳಕೆಗೆ ಬಂದದ್ದು ಆಮೇಲೆ. ಕೂಡುಗುರುತಿನ ತಲೆ, ಅಂದರೆ ಫಿಲಿಪ್ಸ್ ಸ್ಕ್ರೂ, 1930ರ ದಶಕದ್ದು. ನಮ್ಮ ಹಳ್ಳಿಗಳಿಗೆ ಬಂದದ್ದು ಇನ್ನೂ ತಡವಾಗಿ. ಮೊಳೆಯೂ ಹಾಗೆಯೇ. ಚೌಕ ಮೈಯ ಮೊಳೆ ಹಳೆಯದು, ಗುಂಡು ತಂತಿಯ ಮೊಳೆ ವ್ಯಾಪಕವಾದದ್ದು 1890ರ ಹೊತ್ತಿಗೆ.

ಬೀಗದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಕಿರೀಟದ ಜೊತೆ 'ವಿಆರ್' ಎಂದಿದ್ದರೆ ವಿಕ್ಟೋರಿಯಾ, ಅಂದರೆ 1837ರಿಂದ 1901ರೊಳಗಿನ ಬೀಗ. 'ಇಆರ್' ಇದ್ದರೆ ಏಳನೇ ಎಡ್ವರ್ಡ್, 1901ರಿಂದ 1910. 'ಜಿಆರ್' ಇದ್ದರೆ ಸಾಮಾನ್ಯವಾಗಿ ಅದರ ನಂತರದ ಜಾರ್ಜರ ಕಾಲ. ಗೋದ್ರೆಜ್ ಕಂಪನಿ ಬೀಗ ಮಾಡಲು ಶುರುಮಾಡಿದ್ದು 1897ರಲ್ಲಿ. ಗೋದ್ರೆಜ್ ಬೀಗವಿರುವ ಮೇಜು 1860ರದ್ದು ಎಂದು ಯಾರಾದರೂ ಹೇಳಿದರೆ, ಒಂದೋ ಬೀಗ ಬದಲಾಗಿದೆ, ಇಲ್ಲವೇ ಮಾತು ಸುಳ್ಳು.

ಗಾಲಿಯ ಹಿತ್ತಾಳೆಯ ಮೇಲೆ, ಹಿಡಿಯ ಹಿಂಬದಿಯಲ್ಲಿ ಸಣ್ಣ ವಜ್ರಾಕಾರದ ಮುದ್ರೆ ಸಿಗಬಹುದು. ಅದು ಬ್ರಿಟಿಷ್ ಸರ್ಕಾರದ ವಿನ್ಯಾಸ ನೋಂದಣಿ ಗುರುತು. 1842ರಿಂದ 1883ರವರೆಗೆ ಮಾತ್ರ ಬಳಸಿದರು. 1884ರಿಂದ ಅದರ ಬದಲು ಬರೀ ನಂಬರು. ಇಂಥ ಮುದ್ರೆ ಸಿಕ್ಕರೆ ಆ ಹಿತ್ತಾಳೆ ಇಂಗ್ಲೆಂಡಿನದು ಎನ್ನಬಹುದು. ಮೇಜೂ ಇಂಗ್ಲೆಂಡಿನದೇ ಆಗಬೇಕಿಲ್ಲ, ಬಿಡಿಭಾಗಗಳನ್ನು ಇಲ್ಲಿಗೆ ತರಿಸಿ ಹಾಕುತ್ತಿದ್ದರು.

ಈಗ ಅಯಸ್ಕಾಂತ. ಹಿಡಿಗೆ ಅಂಟಿದರೆ ಅದು ಹಿತ್ತಾಳೆಯಲ್ಲ, ಹಿತ್ತಾಳೆ ಲೇಪದ ಕಬ್ಬಿಣ. ಡ್ರಾಯರಿನ ಒಳಮೈಯಲ್ಲಿ ಹಿಡಿಯ ತೂತಿನ ಪಕ್ಕ ಮುಚ್ಚಿದ ಹಳೆ ತೂತುಗಳಿವೆಯಾ ನೋಡಿ. ಇದ್ದರೆ ಹಿಡಿ ಬದಲಾಗಿದೆ. ಬೇಕಲೈಟ್ ಅಥವಾ ಕ್ರೋಮ್ ಹಿಡಿಗಳು 1930ರ ದಶಕದ ಕಡೆ ಕೈ ತೋರಿಸುತ್ತವೆ.

ಹೆಜ್ಜೆ 5: ಕನ್ನಡಿ

ಕನ್ನಡಿಯ ಹಿಂದಿನ ಹಲಗೆಯನ್ನು ನೀವೇ ತೆಗೆಯಬೇಡಿ. ಹಳೆಯ ಕನ್ನಡಿಗಳಿಗೆ ಪಾದರಸ ಮತ್ತು ತವರ ಬಳಿಯುತ್ತಿದ್ದರು, ಕೆರೆದು ಪುಡಿ ಉದುರಿಸುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಮುಂದಿನಿಂದಲೇ ನೋಡಿ. ಪಾದರಸದ ಕನ್ನಡಿ ಮಂಕಾಗಿ, ನೀಲಿ ಬೂದು ಛಾಯೆಯಲ್ಲಿ, ಹರಳು ಹರಳಾಗಿ ಕೆಟ್ಟಿರುತ್ತದೆ. ಬೆಳ್ಳಿ ಲೇಪದ್ದಾದರೆ ಅಂಚಿನಲ್ಲಿ ಕಂದು, ಕಪ್ಪು ಮಚ್ಚೆ. ಬೆಳ್ಳಿ ಲೇಪದ ವಿಧಾನವನ್ನು ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಕಂಡುಹಿಡಿದದ್ದು 1835ರಲ್ಲಿ. ಪಾದರಸ ಪೂರ್ತಿ ಮೂಲೆ ಸೇರಲು ಆ ಶತಮಾನವೇ ಮುಗಿಯಬೇಕಾಯಿತು.

ತಲೆ ಆಚೀಚೆ ಆಡಿಸಿದಾಗ ಪ್ರತಿಬಿಂಬ ಅಲುಗಿದರೆ ಹಳೆಯ ಗಾಜು. ಅಲುಗದಿದ್ದರೆ ಏನೂ ಸಾಬೀತಾಗುವುದಿಲ್ಲ, ಒಳ್ಳೆಯ ಹಳೆ ಗಾಜನ್ನು ಉಜ್ಜಿ ಸಮ ಮಾಡುತ್ತಿದ್ದರು. ಬೆಲ್ಜಿಯಂ ಎಂದು ತೋರಿಸುವ ಗುರುತಂತೂ ಗಾಜಿನ ಮೇಲೆ ಸಿಗುವುದು ಅಪರೂಪ. ಆ ಹೆಸರಿಗೆ ಹೆಚ್ಚು ದುಡ್ಡು ಕೊಡಬೇಡಿ.

ಹೆಜ್ಜೆ 6: ಆಕಾರ

ಕಡೆದ ದಪ್ಪ ಕಾಲು, ದುಂಡು ಮೂಲೆ, ಮರದ ಗುಬುಟಿನ ಹಿಡಿ ಇದ್ದರೆ ವಿಕ್ಟೋರಿಯಾ ಕಾಲದ ಮಾದರಿ. ತೆಳ್ಳಗಿನ ನೇರ ಕಾಲು, ಹಗುರ ಮೈಕಟ್ಟು ಇದ್ದರೆ 1900ರ ನಂತರದ್ದು. ದೊಡ್ಡ ಗುಂಡು ಕನ್ನಡಿ, ಎರಡು ಪಕ್ಕ ಎತ್ತರ ನಡುವೆ ತಗ್ಗು, ಮೆಟ್ಟಿಲಿನಂಥ ಅಂಚು ಇದ್ದರೆ ಆರ್ಟ್ ಡೆಕೊ. ಇದು ನಮ್ಮ ಪಟ್ಟಣಗಳಲ್ಲಿ 1930, 40ರ ದಶಕದ ಫ್ಯಾಷನ್. ಹೊರಕ್ಕೆ ಚಾಚಿದ ಚೂಪು ಕಾಲು, ಮೇಲೆ ಸನ್‌ಮೈಕಾ ಇದ್ದರೆ 60ರ ದಶಕಕ್ಕೆ ಬಂದಿರಿ.

ಮಾದರಿಯಿಂದ ಸಿಗುವುದು "ಇದಕ್ಕಿಂತ ಹಿಂದಿನದಲ್ಲ" ಎಂಬ ಗೆರೆ ಮಾತ್ರ. ಇಂಗ್ಲೆಂಡಿನಲ್ಲಿ ಹಳತಾದ ಫ್ಯಾಷನ್ ಇಲ್ಲಿ ಮೂವತ್ತು ನಲವತ್ತು ವರ್ಷ ಆರಾಮಾಗಿ ಮುಂದುವರಿಯುತ್ತಿತ್ತು.

ಹೆಜ್ಜೆ 7: ಹೆಸರು, ಚೀಟಿ, ಕಾಗದ

ಮೇಲಿನ ಡ್ರಾಯರಿನ ಒಳ ಅಂಚು, ಬೀಗದ ಪಟ್ಟಿ, ಬೆನ್ನಿನ ಹಲಗೆ, ಡ್ರಾಯರಿನ ತಳದ ಅಡಿ ಇಷ್ಟನ್ನೂ ನೋಡಿ. ಕಲ್ಕತ್ತಾದ ಲಜಾರಸ್, ಮದ್ರಾಸಿನ ಡೆಶಾಂಪ್ಸ್, ಬೊಂಬಾಯಿಯ ವಿಂಬ್ರಿಜ್ ಮುಂತಾದ ಅಂಗಡಿಗಳ ಹೆಸರು ಸಿಕ್ಕರೆ ಅದೃಷ್ಟ. ಆ ಒಂದು ಚೀಟಿ ಮೇಜಿನ ಬೆಲೆಯನ್ನೇ ಬದಲಿಸುತ್ತದೆ. ಸೀಮೆಸುಣ್ಣದಲ್ಲಿ ಬರೆದ ಅಂಕಿಗಳು ಸಾಮಾನ್ಯವಾಗಿ ಡ್ರಾಯರಿನ ಕ್ರಮಸಂಖ್ಯೆ, ಇಸವಿ ಎಂದುಕೊಳ್ಳಬೇಡಿ.

ಡ್ರಾಯರಿನಲ್ಲಿ ಹಾಸಿದ ಹಳೆ ಪೇಪರ್ ಕೂಡ ನೋಡಿ. ಪ್ರಜಾವಾಣಿ ಶುರುವಾದದ್ದು 1948ರಲ್ಲಿ. ತಳದಲ್ಲಿ ಅಂಟಿಕೊಂಡು ಕೂತ 1952ರ ಪ್ರಜಾವಾಣಿ ಸಿಕ್ಕರೆ ಮೇಜು ಆಗಲೇ ಇದ್ದಿರಬಹುದು ಎಂಬ ಸುಳಿವು. ಸುಮ್ನೆ ಬಿಡಿಯಾಗಿ ಹಾಸಿದ್ದಾದರೆ ನೆಚ್ಚಬೇಡಿ, ಮಾರುವವರೂ ಹಾಸಬಹುದು.

ಕಾಲ ನಿರ್ಧರಿಸುವುದು

ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ "ಇದಕ್ಕಿಂತ ಹಿಂದಿನದಲ್ಲ" ಎಂಬ ವರ್ಷ ಹಾಕಿ. ಮೂಲದಿಂದಲೂ ಇರುವ ಭಾಗಗಳಲ್ಲಿ ಯಾವುದು ಎಲ್ಲಕ್ಕಿಂತ ಹೊಸದೋ, ಮೇಜು ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಒಂದು ಉದಾಹರಣೆ: ವಿಕ್ಟೋರಿಯಾ ಮಾದರಿ ಕಾಲು, ಚೂಪು ತುದಿಯ ಸ್ಕ್ರೂ, ಜಿಆರ್ ಬೀಗ, ಡ್ರಾಯರಿನ ತಳಕ್ಕೆ ಪ್ಲೈವುಡ್. ಪೀಠೋಪಕರಣಕ್ಕೆ ಪ್ಲೈವುಡ್ ಸಾಮಾನ್ಯವಾದದ್ದು 1920ರ ದಶಕದ ನಂತರ. ಪ್ಲೈವುಡ್ ಮೂಲದ್ದೇ ಆಗಿದ್ದರೆ ಮೇಜು 1925ರಿಂದ 1950ರ ನಡುವಿನದು ಎನ್ನಬಹುದು, ಕಾಲು ಏನೇ ಹೇಳಲಿ.

ಮೂಲದ್ದೋ ಆಮೇಲಿನದ್ದೋ ಎಂದು ತಿಳಿಯುವುದು ಹೇಗೆ? ಹಳೆ ಬೀಗದ ಸುತ್ತ ಮರದಲ್ಲಿ ಕಪ್ಪು ನೆರಳು ಕೂತಿರುತ್ತದೆ. ಸ್ಕ್ರೂ ತೂತಿನೊಳಗೆ ತುಕ್ಕಿನ ಕಲೆ ಇರುತ್ತದೆ. ಬಿಳಿ ಅಂಟು ಒಣಗಿ ಕೂತಿದ್ದರೆ ಅದು ಫೆವಿಕಾಲ್ ಕಾಲದ ರಿಪೇರಿ, ಫೆವಿಕಾಲ್ ಬಂದದ್ದು 1959ರಲ್ಲಿ. ಹತ್ತಿಗೆ ಸ್ಪಿರಿಟ್ ಹಚ್ಚಿ ಮರೆಯ ಜಾಗದಲ್ಲಿ ಒತ್ತಿ. ಅಂಟಂಟಾದರೆ ಅರಗಿನ ಪಾಲಿಶ್. ಏನೂ ಆಗದಿದ್ದರೆ ಇತ್ತೀಚಿನ ಮೆಲಮೈನ್ ಅಥವಾ ಪಿಯು (ಪಾಲಿಯುರಿಥೇನ್) ಪಾಲಿಶ್. ಅರಗಿನ ಪಾಲಿಶ್ ಈಗಲೂ ಹಾಕುತ್ತಾರೆ, ಅದನ್ನೇ ವಯಸ್ಸಿನ ಪುರಾವೆ ಮಾಡಿಕೊಳ್ಳಬೇಡಿ.

ಎರಡು ಮೋಸಗಳು ಸಾಮಾನ್ಯ. ಒಂದು ಮೇಜಿನ ತಳಕ್ಕೆ ಇನ್ನೊಂದರ ಕನ್ನಡಿ ಕೂರಿಸುವುದು. ಕನ್ನಡಿಯ ಕಂಬಗಳ ಮರ, ಎಳೆ, ಕೆತ್ತನೆ ಕೆಳಗಿನದಕ್ಕೆ ಹೊಂದುತ್ತದೆಯಾ, ಮೇಲ್ಹಲಗೆಯಲ್ಲಿ ಬೇಡದ ತೂತುಗಳಿವೆಯಾ ನೋಡಿ. ಇನ್ನೊಂದು ಹಳೆಯ ಮನೆಗಳ ತೊಲೆ, ಬಾಗಿಲು ಸೀಳಿ ಹೊಸದಾಗಿ ಮಾಡಿದ "ಆಂಟಿಕ್". ಮರ ನಿಜಕ್ಕೂ ಹಳೆಯದೇ, ಅದಕ್ಕೇ ಏಮಾರುವುದು. ಸವೆತ ಎಲ್ಲಿದೆ ಅಂತ ಹುಡುಕಿ. ದಿನವೂ ಎಳೆದ ಡ್ರಾಯರಿನ ಪಕ್ಕದ ಕೆಳ ಅಂಚು ಹಿಂಬದಿಯಲ್ಲಿ ಸವೆದು ತಗ್ಗಾಗಿರಬೇಕು, ಅದು ಜಾರುವ ಪಟ್ಟಿಯಲ್ಲೂ ಗುಂಡಿ ಬಿದ್ದಿರಬೇಕು. ಮುಂದೆಲ್ಲ ಗೀರು ತುಂಬಿದ್ದು ಒಳಗೆ ಸವೆತವೇ ಇಲ್ಲದಿದ್ದರೆ ಹೊಸ ಮಾಲು.

ಬೆಲೆ

ಮೊದಲು ತಳಬೆಲೆ ಕಟ್ಟಿ. ಒಡೆದು ಮರವಾಗಿ ಮಾರಿದರೆ ಎಷ್ಟು? 42 ಇಂಚು ಅಗಲ, 20 ಆಳ, 36 ಎತ್ತರದ ನಾಲ್ಕು ಡ್ರಾಯರಿನ ತೇಗದ ಮೇಜು ತೆಗೆದುಕೊಳ್ಳಿ. ಒಂದಿಂಚಿನ ಮೇಲ್ಹಲಗೆ 840 ಘನ ಇಂಚು. ಎರಡು ಪಕ್ಕ 1440. ಡ್ರಾಯರಿನ ಮುಂಭಾಗಗಳು 1120. ಡ್ರಾಯರಿನ ಪಕ್ಕ, ಹಿಂಬದಿ, ತಳ ಎಲ್ಲ ಸೇರಿ ಸುಮಾರು 2040. ಬೆನ್ನು 680, ಕಾಲು ಪಟ್ಟಿಗಳು 500. ಒಟ್ಟು ಸುಮಾರು 6620. ಅದನ್ನು 1728ರಿಂದ ಭಾಗಿಸಿದರೆ 3.8 ಘನ ಅಡಿ, ಅಂದರೆ 3.8 ಸಿಎಫ್‌ಟಿ. ನಿಮ್ಮೂರಿನ ಟಿಂಬರ್ ಡಿಪೋದಲ್ಲಿ ಹಳೆಯ ತೇಗದ ಸಿಎಫ್‌ಟಿ ದರ ಕೇಳಿ ಗುಣಿಸಿ, ಕೊಯ್ಯುವಾಗ ಹೋಗುವ ಭಾಗವನ್ನು ಕಳೆಯಿರಿ. ಇದಕ್ಕಿಂತ ಕಡಿಮೆಗೆ ಕೇಳುವವರಿಗೆ ಕೊಡಬೇಡಿ.

ತಳಬೆಲೆಯ ಮೇಲೆ ಏನೇನು ಸೇರುತ್ತದೆ? ಬೀಟೆಯಾದರೆ ತಳಬೆಲೆಯೇ ಎತ್ತರ. ಮೂಲ ಹಿಡಿ, ಬೀಗ, ಕನ್ನಡಿ ಇದ್ದರೆ ಏರುತ್ತದೆ. ಅಂಗಡಿಯ ಚೀಟಿ, ಕೊಂಡ ರಸೀದಿ, ಹಳೆಯ ಫೋಟೊದಲ್ಲಿ ಇದೇ ಮೇಜು ಕಂಡರೆ ಇನ್ನೂ ಏರುತ್ತದೆ. ಬಾಯಿಮಾತಿನ ಕಥೆಗೆ ಬೆಲೆ ಇಲ್ಲ. ಕುಟ್ಟೆ ಹುಳುವಿನ ತೂತಿನಿಂದ ಹೊಸ ಪುಡಿ ಉದುರುತ್ತಿದ್ದರೆ, ಕಾಲಿನ ತುದಿ ಗೆದ್ದಲು ತಿಂದು ಕತ್ತರಿಸಿದ್ದರೆ, ಮೇಲೆ ಪೇಂಟ್ ಬಳಿದಿದ್ದರೆ ಇಳಿಯುತ್ತದೆ. ಗಾತ್ರವೂ ಮುಖ್ಯ ಅಲ್ವಾ? ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹೋಗದ ಭವ್ಯ ಮೇಜಿಗಿಂತ ಬಿಚ್ಚಿ ಒಯ್ಯಬಹುದಾದ ಸಣ್ಣದಕ್ಕೆ ಗಿರಾಕಿ ಬೇಗ ಸಿಗುತ್ತಾರೆ.

ಮಾರುಕಟ್ಟೆ ತಿಳಿಯಲು ಬೆಂಗಳೂರಿನ ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಗಳನ್ನು ಸುತ್ತಿ. ಸಾಧ್ಯವಾದರೆ ಕಾರೈಕುಡಿ, ಕೊಚ್ಚಿಯ ಮಟ್ಟಂಚೇರಿ, ಮುಂಬೈಯ ಚೋರ್ ಬಜಾರ್ ಕೂಡ ನೋಡಿ. ಅಲ್ಲಿ ಬರೆದಿಟ್ಟ ಬೆಲೆ ಅಂಗಡಿಯವನು ಕೇಳುವ ಬೆಲೆ. ನಿಮ್ಮಿಂದ ಕೊಳ್ಳುವಾಗ ಅವನು ಅದರ ಅರ್ಧವನ್ನೂ ಕೊಡದಿರಬಹುದು. ಸಾಗಣೆ, ರಿಪೇರಿ, ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಬಾಡಿಗೆ ಅವನದು.

ಮಾರುವ, ಸಾಗಿಸುವ ಮುಂಚೆ ಕಾನೂನು

1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಕುಶಲಕಲೆಯ ವಸ್ತು ಪುರಾತನ ವಸ್ತುವಾಗುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ಮೇಜು ನೂರು ದಾಟಿಲ್ಲವಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಹಾಗೆಂದು ಪ್ರಮಾಣಪತ್ರ ಪಡೆಯಬಹುದು. ಅಜ್ಜಿಯ ಮೇಜನ್ನು ಹೊರದೇಶದ ಮನೆಗೆ ತರಿಸಿಕೊಳ್ಳಬೇಕೆಂದಿರುವವರು ಪ್ಯಾಕಿಂಗ್‌ನವರನ್ನು ಕರೆಯುವ ಮುಂಚೆ ಇದನ್ನು ಮುಗಿಸಿ. ಬೀಟೆಯಾದರೆ ಇನ್ನೊಂದು ಹಂತವಿದೆ. ಆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರ 2017ರಿಂದ ಸೈಟಿಸ್, ಅಂದರೆ ಅಳಿವಿನ ಭಯವಿರುವ ಸಸ್ಯ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಹಿಡಿತದಲ್ಲಿದೆ, ಅದರ ಕಾಗದಪತ್ರವೂ ಬೇಕು.

ಹಳೆಯ ಮೈಸೂರು ಕೆಲಸದ ಬೀಟೆ ಮೇಜಿನಲ್ಲಿ ಬಿಳಿ ಚಿತ್ತಾರ ಕಂಡರೆ ಭೂತಗನ್ನಡಿ ಹಿಡಿಯಿರಿ. ಪ್ಲಾಸ್ಟಿಕ್ ಆದರೆ ಮೈಯೆಲ್ಲ ಒಂದೇ ಸಮ. ಮೂಳೆಯಾದರೆ ಸಣ್ಣ ಕಪ್ಪು ಚುಕ್ಕೆ, ಗೀರುಗಳಿರುತ್ತವೆ. ನಯವಾದ ಮೈಯಲ್ಲಿ ಒಂದನ್ನೊಂದು ದಾಟುವ ನವಿರು ಗೆರೆಗಳು ಕಂಡರೆ ದಂತ ಇರಬಹುದು. ದಂತದ ಮಾರಾಟ ಭಾರತದಲ್ಲಿ ಪೂರ್ತಿ ನಿಷಿದ್ಧ, ವಸ್ತು ಎಷ್ಟೇ ಹಳೆಯದಿರಲಿ. ಅಂಥ ಮೇಜಿಗೆ ಗಿರಾಕಿ ಹುಡುಕುವ ಮುಂಚೆ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ.